ಪಾಸ್‌ವರ್ಡ್ ಕೇಳದ ಮೌಸ್: ತಯಾರಕ ಸಂಸ್ಥೆಗೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯಸ್ಥರು, ಭಾರತ ವಿಭಾಗ,
ಮೌಸ್, ಕೀಬೋರ್ಡ್, ಹೆಡ್‌ಸೆಟ್ ತಯಾರಿಸುವ ತಮ್ಮ ಸಂಸ್ಥೆ

ವಿಷಯ: ತಮ್ಮ ಮೌಸ್ ಜೊತೆಗೆ ಬರುವ ಸಾಫ್ಟ್‌ವೇರ್‌ನಲ್ಲಿದ್ದ ಗಂಭೀರ ಭದ್ರತಾ ಲೋಪ ಮತ್ತು ತಾವು ಅದನ್ನು ಸದ್ದಿಲ್ಲದೆ ಮುಚ್ಚಿದ ಬಗ್ಗೆ.

ಮಾನ್ಯರೇ,

ತಮ್ಮ ಸಂಸ್ಥೆಯ ಹೆಸರನ್ನು ಈ ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ಹೆದರಿಕೆಯಿಂದಲ್ಲ. ತಮ್ಮ ಹಳೆಯ ಆವೃತ್ತಿ ಇನ್ನೂ ನಮ್ಮ ಸುತ್ತಮುತ್ತಲ ಅಂಗಡಿ, ಕಚೇರಿಗಳ ಕಂಪ್ಯೂಟರ್‌ಗಳಲ್ಲಿ ಕೂತಿದೆ. ಈಗ ಹೆಸರು ಬರೆದರೆ ಬೀಗ ಕೆಟ್ಟ ಮನೆಗಳ ವಿಳಾಸವನ್ನು ಸಂತೆಯಲ್ಲಿ ನಿಂತು ಕೂಗಿದ ಹಾಗಾಗುತ್ತದೆ. ಜುಲೈನಿಂದ ನಾನು ಕಳಿಸಿರುವ ಐದು ಮೇಲ್‌ಗಳಲ್ಲಿ ಒಂದನ್ನಾದರೂ ತಮ್ಮಲ್ಲಿ ಯಾರಾದರೂ ಪೂರ್ತಿ ಓದಿದ್ದರೆ, ಇದು ಯಾರಿಗೆ ಬರೆದ ಕಾಗದ ಎಂದು ಮೊದಲ ಸಾಲಿಗೇ ಗೊತ್ತಾಗುತ್ತದೆ.

ನಾನು ಮಂಡ್ಯದಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದೇನೆ. ವಿ.ವಿ. ರಸ್ತೆಯಿಂದ ಒಳಕ್ಕೆ ತಿರುಗಿದರೆ ಒಂದು ಜೆರಾಕ್ಸ್ ಅಂಗಡಿ, ಅದರ ಪಕ್ಕದ ಹತ್ತಡಿ ಮಳಿಗೆ ನನ್ನದು. ನಾನು ಕಸುಬು ಶುರು ಮಾಡಿದಾಗ ಮೌಸ್ ಒಳಗೆ ಇರುತ್ತಿದ್ದದ್ದು ಒಂದು ರಬ್ಬರ್ ಚೆಂಡು, ಎರಡು ಪುಟ್ಟ ಉರುಳೆ. ಬಾಣ ಸರಿಯಾಗಿ ಓಡುತ್ತಿಲ್ಲ ಎಂದು ತಂದರೆ, ತಿರುಗಿಸಿ, ಚೆಂಡು ತೆಗೆದು, ಉರುಳೆಗೆ ಸುತ್ತಿಕೊಂಡ ಕೊಳೆಯನ್ನು ಗುಂಡುಸೂಜಿಯಲ್ಲಿ ಕೆರೆದು ಕೊಡುತ್ತಿದ್ದೆ. ಹತ್ತು ರೂಪಾಯಿ. ಆ ಮೌಸ್‌ನಿಂದ ಯಾರಿಗೂ ಆಗಬಹುದಾಗಿದ್ದ ಅತಿ ದೊಡ್ಡ ಕೆಡುಕು ಎಂದರೆ ಆ ಕೊಳೆ.

ಈಗ ತಮ್ಮ ಮೌಸ್ ಬರುತ್ತದೆ. ಅದರ ಹೊಟ್ಟೆಯಲ್ಲಿ ಬಣ್ಣಬಣ್ಣದ ದೀಪ. ಆ ದೀಪ ಕೆಂಪಗೆ ಉರಿಯಬೇಕೋ ನೀಲಿಯಾಗಿ ಉರಿಯಬೇಕೋ ಎಂದು ಹೇಳಲು ಒಂದು ಸಾಫ್ಟ್‌ವೇರ್. ಅದಕ್ಕೊಂದು ಲಾಗಿನ್. ಕಂಪ್ಯೂಟರ್ ಆನ್ ಆದಾಗಿನಿಂದ ಆಫ್ ಆಗುವವರೆಗೂ ಹಿಂದೆ ಓಡುತ್ತಲೇ ಇರುವ ಎರಡು ಸರ್ವಿಸ್. ಇಷ್ಟೆಲ್ಲ ಯಾಕೆ ಎಂದು ನಾನು ಯಾವತ್ತೂ ಕೇಳಲಿಲ್ಲ. ಗಿರಾಕಿ ಕೇಳಿದ, ಹಾಕಿಕೊಟ್ಟೆ. ಈ ಪತ್ರದಲ್ಲಿ ತಮ್ಮ ತಪ್ಪಿನ ಜೊತೆ ನನ್ನದೂ ಒಂದು ಪಾಲು ಇದೆ, ಅದನ್ನು ಮುಂದೆ ಹೇಳುತ್ತೇನೆ.

ಆಷಾಢದ ಕೊನೆಯ ವಾರ. ನಮ್ಮ ತಾಲ್ಲೂಕಿನದೇ ಒಂದು ಹೋಬಳಿಯಲ್ಲಿ ಆನ್‌ಲೈನ್ ಕೇಂದ್ರ ನಡೆಸುವ ಒಬ್ಬರು ಅಕ್ಕ ಇದ್ದಾರೆ. ಪಹಣಿ ತೆಗೆಯುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಬೆಳೆ ವಿಮೆ, ಪಿಂಚಣಿ, ಸ್ಕಾಲರ್‌ಶಿಪ್, ಎಲ್ಲ ಅವರ ಮೇಜಿನ ಮೇಲೆಯೇ. ಅವರ ಕಂಪ್ಯೂಟರ್‌ಗೆ ಎರಡು ಲಾಗಿನ್ ಮಾಡಿಕೊಟ್ಟಿದ್ದೆ. ದಿನಬಳಕೆಯದ್ದರಲ್ಲಿ ಹೊಸ ಸಾಫ್ಟ್‌ವೇರ್ ಹಾಕಲು ಆಗುವುದಿಲ್ಲ. ಅಡ್ಮಿನ್ ಪಾಸ್‌ವರ್ಡ್ ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ. ಯಾಕೆ ಹೀಗೆ ಎಂದರೆ, 2023ರ ಜುಲೈನಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ಅವರ ಕೇಂದ್ರದ ಮುಂದೆ ಬೆಳಗಿನ ಜಾವವೇ ಸಾಲು ನಿಲ್ಲುತ್ತಿತ್ತು. ಅಂಥ ಹೊತ್ತಿನಲ್ಲೇ ಯಾರೋ ಕಳಿಸಿದ ಫೈಲ್ ಒತ್ತಿ, ಯಂತ್ರ ಎರಡು ದಿನ ಮಲಗಿತ್ತು. ಅಂದಿನಿಂದ ಈ ಕಟ್ಟುಪಾಡು. ಅಕ್ಕ ಒಮ್ಮೆಯೂ ಮುರಿದವರಲ್ಲ.

ಆ ಸಂಜೆ ಏಳರ ಹೊತ್ತಿಗೆ ಅವರ ಮಗನ ಫೋನ್ ಬಂತು. ದ್ವಿತೀಯ ಪಿಯುಸಿ ಹುಡುಗ, ಗೇಮ್ ಆಡಲೆಂದು ತಮ್ಮ ಮೌಸ್ ತರಿಸಿಕೊಂಡಿದ್ದ. ಅಮ್ಮ ಒಳಗೆ ಹೋದಾಗ ಕೇಂದ್ರದ ಕಂಪ್ಯೂಟರ್‌ಗೇ ಚುಚ್ಚಿದ್ದಾನೆ.

"ಮಾವ, ಮೌಸ್ ಚುಚ್ದೆ. ಏನೋ ತಾನೇ ಇನ್‌ಸ್ಟಾಲ್ ಆಯ್ತಾ ಅದೆ."

"ಆಗಲ್ಲ ಬಿಡ್ಲಾ, ಪಾಸ್‌ವರ್ಡ್ ಕೇಳುತ್ತೆ, ಕ್ಯಾನ್ಸಲ್ ಕೊಡು."

"ಅದೇ ಮಾವ, ಪಾಸ್‌ವರ್ಡೇ ಕೇಳ್ನಿಲ್ಲ ಕಣ್ ಮಾವ."

ಹುಡುಗ ಬೇರೆಯವನಾಗಿದ್ದರೆ ಖುಷಿಯಾಗಿ ದೀಪದ ಬಣ್ಣ ಬದಲಾಯಿಸಿಕೊಂಡು ಸುಮ್ಮನಾಗುತ್ತಿದ್ದ. ಕೇಳಬೇಕಾದದ್ದನ್ನು ಕೇಳಲಿಲ್ಲ ಎಂಬುದು ಇವನ ಕಣ್ಣಿಗೆ ಬಿತ್ತು. ತಮ್ಮ ಸಂಸ್ಥೆಯಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವವರ ಕಣ್ಣಿಗೆ ಇದು ಯಾಕೆ ಬೀಳಲಿಲ್ಲವೋ ನನಗೆ ತಿಳಿಯದು.

ಮರುದಿನ ಅದೇ ಮೌಸ್ ಇಸಿದುಕೊಂಡು ಬಂದು ನನ್ನ ಅಂಗಡಿಯ ಖಾಲಿ ಯಂತ್ರದಲ್ಲಿ ನೋಡಿದೆ. ಹೊಸದಾಗಿ ವಿಂಡೋಸ್ ಹಾಕಿ, ಅಧಿಕಾರವಿಲ್ಲದ ಲಾಗಿನ್ ಒಂದನ್ನು ಮಾಡಿ, ಮೌಸ್ ಚುಚ್ಚಿದೆ. ಯುಎಸ್‌ಬಿಗೆ ಯಾವುದೇ ಸಾಧನ ಚುಚ್ಚಿದರೂ ಅದು ಮೊದಲು ತನ್ನ ಕಂಪನಿಯ ಸಂಖ್ಯೆ, ತನ್ನ ಮಾದರಿಯ ಸಂಖ್ಯೆ ಹೇಳಿಕೊಳ್ಳುತ್ತದೆ. ವಿಂಡೋಸ್ ಆ ಸಂಖ್ಯೆ ನೋಡಿ ತಕ್ಕ ಡ್ರೈವರ್, ಅಂದರೆ ಆ ಸಾಧನವನ್ನು ನಡೆಸುವ ಪುಟ್ಟ ಸಾಫ್ಟ್‌ವೇರ್, ತರಿಸುತ್ತದೆ. ಡ್ರೈವರ್ ಜೊತೆಗೆ ತಮ್ಮ ಇನ್‌ಸ್ಟಾಲರ್ ಕೂಡ ಬಂತು, ಮತ್ತು ಬಂದದ್ದು ಯಂತ್ರದ ಅತ್ಯುನ್ನತ ಅಧಿಕಾರದಲ್ಲಿ. ನಮ್ಮ ಕಡೆ ಕಂಪ್ಯೂಟರ್‌ಗೇ ‘ಸಿಸ್ಟಮ್’ ಅನ್ನುತ್ತಾರೆ. ವಿಂಡೋಸ್ ಒಳಗೆ ‘ಸಿಸ್ಟಮ್’ ಎಂದರೆ ಅಡ್ಮಿನ್‌ಗಿಂತಲೂ ಮೇಲಿನ ಖಾತೆ, ಮನುಷ್ಯರು ಲಾಗಿನ್ ಆಗುವ ಖಾತೆಯೇ ಅಲ್ಲ ಅದು. ಆ ಖಾತೆಯ ಕೈಯಲ್ಲಿದ್ದ ತಮ್ಮ ಕಿಟಕಿ, ಎದುರಿಗೆ ಕೂತ ಯಾರು ಬೇಕಾದರೂ ಒತ್ತಬಹುದಾದ ಗುಂಡಿಗಳನ್ನು ತೋರಿಸುತ್ತ ಪರದೆಯ ಮೇಲೆ ನಿಂತಿತ್ತು. ಅಲ್ಲಿಂದ ಮುಂದಕ್ಕೆ ಏನು ಮಾಡಿದರೆ ಇಡೀ ಯಂತ್ರ ಕೈಗೆ ಸಿಗುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತಮಗೆ ಕಳಿಸಿದ ವೀಡಿಯೋದಲ್ಲಿ ಇದೆ. ಕಂಪ್ಯೂಟರ್‌ಗೆ ‘ನಾನು ಯಾರು’ ಎಂದು ಕೇಳುವ ಒಂದು ಆಜ್ಞೆ ಇದೆ, ವೇದಾಂತದ ಪ್ರಶ್ನೆಯಲ್ಲ, ಯಾವ ಖಾತೆಯಲ್ಲಿ ಇದ್ದೇನೆ ಎಂದು ಕೇಳುವುದು ಅಷ್ಟೆ. ಕೇಳಿದೆ. ‘ಸಿಸ್ಟಮ್’ ಎಂದು ಉತ್ತರ ಬಂತು. ಮೂರು ಸಲ ಅಳಿಸಿ ಮೂರು ಸಲ ಮಾಡಿ ನೋಡಿದೆ. ಮೂರು ಸಲವೂ ಅದೇ.

ತಮ್ಮ ಗ್ರಾಹಕ ಸೇವೆಯವರು ಮೂರನೆಯ ಮೇಲ್‌ನಲ್ಲಿ ಕೊಟ್ಟ ಸಮಾಧಾನ ಹೀಗಿತ್ತು: ಇದಕ್ಕೆ ಯಾರಾದರೂ ಕಂಪ್ಯೂಟರ್ ಬಳಿಯೇ ಬಂದು ಮೌಸ್ ಚುಚ್ಚಬೇಕು, ಹಾಗಾಗಿ ಅಪಾಯ ಕಡಿಮೆ. ಇದನ್ನು ಬರೆದವರು ಒಂದು ಮಧ್ಯಾಹ್ನ ನಮ್ಮ ಕಡೆಯ ಆನ್‌ಲೈನ್ ಕೇಂದ್ರಕ್ಕೆ ಬಂದು ಕೂರಬೇಕು ಎಂದು ನನ್ನ ಆಸೆ. ಕಂಪ್ಯೂಟರ್ ಡಬ್ಬ ಮೇಜಿನ ಮೇಲೆಯೇ ಇರುತ್ತದೆ, ಮುಂಭಾಗ ಗಿರಾಕಿಯ ಕಡೆಗೆ. ಯುಎಸ್‌ಬಿ ತೂತುಗಳು ಅವರ ಮೊಣಕೈಗೆ ತಾಗುತ್ತವೆ. ಒಬ್ಬ ಪೆನ್‌ಡ್ರೈವ್ ತಂದು ‘ಇದ್ರಲ್ಲಿ ಫೋಟೋ ಐತೆ’ ಅನ್ನುತ್ತಾನೆ. ಇನ್ನೊಬ್ಬ, ‘ಬಸ್ ಬರೋಗಂಟ ಒಸಿ ಚಾರ್ಜ್‌ಗೆ ಹಾಕವ್ವ’ ಅಂತ ಮೊಬೈಲ್ ಕೊಡುತ್ತಾನೆ. ಇಲ್ಲ ಅನ್ನುವುದು ನಮ್ಮ ಊರಿನ ಮರ್ಯಾದೆಯಲ್ಲ. ಮೊಬೈಲ್‌ಗೂ ಮೌಸ್‌ಗೂ ಏನು ಸಂಬಂಧ ಎನ್ನುತ್ತೀರೇನೋ. 2021ರಲ್ಲೇ ಒಂದು ಆಂಡ್ರಾಯ್ಡ್ ಫೋನ್ ಕೈಲಿ ‘ನಾನು ಇಂಥ ಕಂಪನಿಯ ಮೌಸ್’ ಎಂದು ಸುಳ್ಳು ಸಂಖ್ಯೆ ಹೇಳಿಸಿ ಇದೇ ಬಾಗಿಲನ್ನು ತೆರೆದು ತೋರಿಸಿದವರಿದ್ದಾರೆ. ಮೌಸ್ ಕೊಳ್ಳುವ ಖರ್ಚೂ ಬೇಡ.

2021 ಎಂದೆನಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಹೊರಬಿದ್ದ ರೇಜರ್ ಪ್ರಕರಣ ತಮಗೆ ಗೊತ್ತಿಲ್ಲ ಎಂದರೆ ನಂಬುವುದು ಕಷ್ಟ, ತಮ್ಮದೂ ಅದೇ ವ್ಯಾಪಾರ. ರೇಜರ್ ಮೌಸ್ ಚುಚ್ಚಿದರೆ ಅದರ ಸಿನಾಪ್ಸ್ ಸಾಫ್ಟ್‌ವೇರ್‌ನ ಇನ್‌ಸ್ಟಾಲರ್ ಸಿಸ್ಟಮ್ ಅಧಿಕಾರದಲ್ಲಿ ತೆರೆದುಕೊಳ್ಳುತ್ತಿತ್ತು. ಕಂಡುಹಿಡಿದವರು ಮೊದಲು ಕಂಪನಿಗೆ ತಿಳಿಸಿದರು, ಉತ್ತರ ಬರಲಿಲ್ಲ, ಎಲ್ಲರ ಮುಂದೆ ಇಟ್ಟರು. ಆಮೇಲೆ ಕಂಪನಿ ಎಚ್ಚೆತ್ತು ಸರಿಪಡಿಸುತ್ತೇವೆ ಎಂದಿತು. ವಿಷಯ ಬಯಲಾಗಿದ್ದರೂ ಆ ಸಂಶೋಧಕರಿಗೆ ಬಹುಮಾನ ಕೊಡುತ್ತೇವೆ ಎಂದೂ ಹೇಳಿತು, ಅದನ್ನು ಮೆಚ್ಚಬೇಕು. ಕೆಲವೇ ದಿನಗಳಲ್ಲಿ ಸ್ಟೀಲ್‌ಸೀರೀಸ್ ಸಾಧನಗಳಲ್ಲೂ ಅಂಥದೇ ದಾರಿ ಸಿಕ್ಕಿತು. ಪಕ್ಕದ ಮನೆಯ ಬಣವೆಗೆ ಬೆಂಕಿ ಬಿದ್ದಾಗ ನಮ್ಮ ಬಣವೆಗೂ ನೀರು ಹಾಕಿಕೊಳ್ಳುತ್ತೇವೆ. ತಾವು ಹಾಕಿಕೊಳ್ಳಲಿಲ್ಲ.

ಅದಕ್ಕೂ ಹಿಂದಿನದು ಬೇಕಾದರೆ 2018 ಇದೆ. ಸಾಫ್ಟ್‌ವೇರ್‌ಗಳ ಭದ್ರತಾ ಲೋಪ ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಜೀರೋ ತಂಡದ ಟ್ಯಾವಿಸ್ ಆರ್ಮಂಡಿ ಅವರು ಲಾಜಿಟೆಕ್ ಆಪ್ಷನ್ಸ್ ಎಂಬ ಮೌಸ್-ಕೀಬೋರ್ಡ್ ಸಾಫ್ಟ್‌ವೇರ್ ಅನ್ನು ತೆರೆದು ನೋಡಿದರು. ಅದು ಕಂಪ್ಯೂಟರ್ ಒಳಗೇ ಒಂದು ಸಣ್ಣ ಬಾಗಿಲು ತೆರೆದಿಟ್ಟುಕೊಂಡು ಕೂತಿತ್ತು. ಬ್ರೌಸರ್‌ನಲ್ಲಿ ತೆರೆದ ಯಾವುದೇ ಜಾಲತಾಣ ಆ ಬಾಗಿಲಿಗೆ ಬಂದು ಮಾತಾಡಬಹುದಿತ್ತು, ನೀನು ಯಾರು ಎಂದು ಅದು ಕೇಳುತ್ತಿರಲಿಲ್ಲ. ಇದ್ದ ಒಂದೇ ತಡೆ ಎಂದರೆ ಒಂದು ಸಂಖ್ಯೆ ಹೇಳಬೇಕಿತ್ತು, ಅದನ್ನೂ ಎಷ್ಟು ಸಲ ಬೇಕಾದರೂ ಊಹಿಸಬಹುದಿತ್ತು. ಬಾಗಿಲು ದಾಟಿದವರು ಕೂತವರ ಪರವಾಗಿ ಕೀಲಿಗಳನ್ನೇ ಒತ್ತಬಹುದಿತ್ತು. ಸೆಪ್ಟೆಂಬರ್‌ನಲ್ಲಿ ಅವರು ಕಂಪನಿಯವರಿಗೆ ಹೇಳಿದರು. 90 ದಿನ ಕಾದರು. ಡಿಸೆಂಬರ್‌ನಲ್ಲಿ ಬಹಿರಂಗ ಮಾಡಿದರು. ಸರಿಪಡಿಸಿದ ಆವೃತ್ತಿ ಅದಾದ ಒಂದೆರಡು ದಿನಕ್ಕೇ ಬಂತು! 90 ದಿನದಲ್ಲಿ ಆಗದ ಕೆಲಸ ಎರಡು ದಿನದಲ್ಲಿ ಆಯಿತು ಎಂದರೆ, ಮೊದಲ 90 ದಿನ ಕೆಲಸ ಕಷ್ಟದ್ದಾಗಿರಲಿಲ್ಲ ಎಂದೇ ನಮ್ಮಂಥವರು ತಿಳಿಯುತ್ತೇವೆ.

ಪ್ರಿಂಟರ್ ವಿಷಯ ಎತ್ತಿದರೆ ಇನ್ನೂ ಉದ್ದವಾಗುತ್ತದೆ. ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಪ್ರಿಂಟರ್‌ಗಳ ಜೊತೆ 2005ರಿಂದ ಬರುತ್ತಿದ್ದ ಒಂದು ಡ್ರೈವರ್ ಫೈಲ್‌ನಲ್ಲಿದ್ದ ದೋಷ ಪತ್ತೆಯಾದದ್ದು 2021ರಲ್ಲಿ. ಹದಿನಾರು ವರ್ಷ. ನನ್ನ ಅಂಗಡಿಯ ಆಯುಷ್ಯದಲ್ಲಿ ಮುಕ್ಕಾಲು ಪಾಲು. ಎಷ್ಟು ಯಂತ್ರಗಳಿಗೆ ಆ ಸಿಡಿ ಹಾಕಿದ್ದೇನೋ ಲೆಕ್ಕವೇ ಇಲ್ಲ.

ಈಗ ನನ್ನ ಮೇಲ್‌ಗಳ ಕಥೆ. ಮೊದಲನೆಯದನ್ನು ಎಲ್ಲಿಗೆ ಕಳಿಸಬೇಕು ಎಂದು ಹುಡುಕುವುದರಲ್ಲೇ ಅರ್ಧ ದಿನ ಹೋಯಿತು. ವಾರಂಟಿಗೆ ವಿಳಾಸ ಇದೆ, ಬಲ್ಕ್ ಆರ್ಡರ್‌ಗೆ ಇದೆ, ಗೇಮ್ ಪಂದ್ಯಾವಳಿಯ ಪ್ರಾಯೋಜಕತ್ವಕ್ಕೆ ಇದೆ. ಭದ್ರತಾ ಲೋಪ ತಿಳಿಸಲು ಇಲ್ಲ. ಕೊನೆಗೆ ಗ್ರಾಹಕ ಸೇವೆಗೇ ಬರೆದೆ. ಟಿಕೆಟ್ ಸಂಖ್ಯೆ ಬಂತು. ಒಂಬತ್ತು ದಿನದ ಮೇಲೆ, ಬಿಲ್ ಮತ್ತು ಸೀರಿಯಲ್ ನಂಬರ್ ಫೋಟೋ ಕಳಿಸಿ ಎಂದರು. ಹುಡುಗನಿಂದ ಬಿಲ್ ತರಿಸಿ ಕಳಿಸಿದೆ. ಮೌಸ್ ಅನ್ನು ಬೇರೆ ಯುಎಸ್‌ಬಿ ಪೋರ್ಟ್‌ಗೆ ಚುಚ್ಚಿ ನೋಡಿ ಎಂದು ಉತ್ತರ ಬಂತು. ನಕ್ಕೆ, ಸುಳ್ಳು ಹೇಳಬಾರದು, ಚುಚ್ಚಿಯೂ ನೋಡಿದೆ. ಆ ಪೋರ್ಟ್‌ನಲ್ಲೂ ಪಾಸ್‌ವರ್ಡ್ ಕೇಳಲಿಲ್ಲ. ಗೌರಿ ಹಬ್ಬ ಕಳೆದ ಮೇಲೆ ಅಪಾಯ ಕಡಿಮೆ ಎಂಬ ಸಮಾಧಾನ. ಆಮೇಲೆ ‘ನಿಮ್ಮ ಟಿಕೆಟ್ ಮುಕ್ತಾಯವಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ’ ಎಂಬ ಪ್ರಶ್ನೆ.

ದಸರಾ ಮುಗಿದು ದೀಪಾವಳಿ ಹತ್ತಿರ ಬಂದಾಗ ತಮ್ಮ ಡೀಲರ್ ವಾಟ್ಸಾಪ್ ಗುಂಪಿನಲ್ಲಿ ಸ್ಕೀಮ್ ಬಂತು. ಹತ್ತು ಮೌಸ್ ಎತ್ತಿದರೆ ಒಂದು ಹೆಡ್‌ಸೆಟ್. ಸ್ಕೀಮ್ ಬಂದ ಐದೇ ನಿಮಿಷದಲ್ಲಿ ಮೈಸೂರಿನ ವಿತರಕರ ಫೋನ್, ‘ನೋಡುದ್ರಾ?’ ಎಂದು. ಅವರನ್ನು ಬೈಯಲಾರೆ, ಒಳ್ಳೆಯ ಮನುಷ್ಯ. ಲೋಪದ ವಿಷಯ ಕೇಳಿದೆ. ‘ಅಂಥದ್ದೇನೂ ಬಂದಿಲ್ವಲ್ಲ ನಮಗೆ’ ಎಂದರು. ಅದು ನಿಜ. ಅವರಿಗೂ ಬಂದಿರಲಿಲ್ಲ.

ಕಾರ್ತಿಕದಲ್ಲಿ ತಮ್ಮ ಜಾಲತಾಣದಲ್ಲಿ ಹೊಸ ಆವೃತ್ತಿ ಕಾಣಿಸಿಕೊಂಡಿತು. ಇಳಿಸಿ, ಖಾಲಿ ಯಂತ್ರದಲ್ಲಿ ಹಾಕಿ ನೋಡಿದೆ. ಬಾಗಿಲು ಮುಚ್ಚಿತ್ತು. ಸಂತೋಷವಾಯಿತು, ನಿಜವಾಗಿ. ಆಮೇಲೆ ಆ ಆವೃತ್ತಿಯ ಟಿಪ್ಪಣಿ ಓದಿದೆ: ‘ಕಾರ್ಯಕ್ಷಮತೆ ಸುಧಾರಣೆ. ಸಣ್ಣಪುಟ್ಟ ದೋಷ ನಿವಾರಣೆ. ದೀಪಕ್ಕೆ ಎರಡು ಹೊಸ ವಿನ್ಯಾಸ.’

ನನ್ನ ದೂರು ಇರುವುದು ಇಲ್ಲಿ. ಲೋಪ ಇತ್ತು ಎಂಬುದರ ಮೇಲೆ ಅಷ್ಟಾಗಿ ಅಲ್ಲ. ಸಾಫ್ಟ್‌ವೇರ್ ಬರೆಯುವವರೂ ಮನುಷ್ಯರೇ, ತಪ್ಪುತ್ತಾರೆ, ನಾನೂ ರಾಮ್ ಹಾಕಲು ಹೋಗಿ ಬೋರ್ಡ್ ಸುಟ್ಟವನೇ. ಆದರೆ ಬೋರ್ಡ್ ಸುಟ್ಟ ದಿನ ಗಿರಾಕಿಗೆ ‘ಸ್ವಲ್ಪ ಬಿಸಿಯಾಗಿತ್ತು’ ಎಂದು ಹೇಳಿ ಕಳಿಸಲಿಲ್ಲ. ತಾವು ಟಿಪ್ಪಣಿಯಲ್ಲಿ ಹೇಳದೆ ಹೋದದ್ದರಿಂದ ಯಾರಿಗೆ ಏನಾಯಿತು ನೋಡಿ. ದೀಪದ ಹೊಸ ವಿನ್ಯಾಸ ಯಾರಿಗೆ ಬೇಕು ಎಂದು ಕೇಂದ್ರದ ಅಕ್ಕ ಆ ಅಪ್‌ಡೇಟ್ ಅನ್ನು ‘ಆಮೇಲೆ’ ಎಂದು ಒತ್ತಿದರು. ನಾನೂ ಬೇರೆ ಸಂದರ್ಭದಲ್ಲಾಗಿದ್ದರೆ ಹಾಗೇ ಒತ್ತಿಸುತ್ತಿದ್ದೆ, ಇಂಟರ್ನೆಟ್ ಪ್ಯಾಕ್ ಉಳಿಯಲಿ ಎಂದು. ಇನ್ನೊಂದು ಕಡೆ, ಹಳೆಯ ಮತ್ತು ಹೊಸ ಆವೃತ್ತಿಯನ್ನು ಅಕ್ಕಪಕ್ಕ ಇಟ್ಟು ಏನು ಬದಲಾಗಿದೆ ಎಂದು ನೋಡುವ ಕಸುಬಿನವರು ಲೋಕದಲ್ಲಿ ಇದ್ದಾರೆ. ಕಳ್ಳರೂ ಅದನ್ನೇ ಮಾಡುತ್ತಾರೆ. ಹೀಗಾಗಿ ತಮ್ಮ ಮೌನದಿಂದ ಕಳ್ಳನಿಗೆ ತಿಳಿಯುವುದು ತಪ್ಪಲಿಲ್ಲ, ಮನೆಯವರಿಗೆ ತಿಳಿಯುವುದು ಮಾತ್ರ ತಪ್ಪಿತು.

ಆ ಯಂತ್ರದಲ್ಲಿ ಏನಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ನಾಲ್ಕು ವರ್ಷದ ಊರು ಅಲ್ಲಿದೆ. ಆಧಾರ್ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟ, ಪಡಿತರ ಚೀಟಿ, ವಿಧವಾ ವೇತನಕ್ಕೆ ಹಾಕಿದ ಮರಣ ಪ್ರಮಾಣಪತ್ರ, ಕಬ್ಬಿನ ಬಿಲ್ಲು, ಮಕ್ಕಳ ಅಂಕಪಟ್ಟಿ. ಅಳಿಸಬೇಕು ಎಂದು ನಾನು ಹೇಳುತ್ತಲೇ ಇರುತ್ತೇನೆ, ‘ನಾಳೆ ಮತ್ತೆ ಕೇಳ್ಕಂಡ್ ಬತ್ತಾರೆ ಕಣಣ್ಣ, ಆಗ ಎಲ್ಲಿಂದ ತರ್ಲಿ?’ ಎನ್ನುತ್ತಾರೆ. ಅದರ ಪಕ್ಕದಲ್ಲೇ ಬೆರಳಚ್ಚಿನ ಯಂತ್ರ. ಆಧಾರ್‌ಗೆ ಬಳಸುವ ಆ ಯಂತ್ರ ನೋಂದಾಯಿತವೇ ಆಗಿರಬೇಕು, ಬೆರಳಿನ ಮಾಹಿತಿ ಗುಪ್ತಲಿಪಿಯಾಗಿಯೇ ಮುಂದಕ್ಕೆ ಹೋಗಬೇಕು ಎಂದು ನಿಯಮ ಇದೆ. ಬೆರಳಿಡುವ ಪೆಟ್ಟಿಗೆಗೆ ಇಷ್ಟು ಕಾವಲು ಹಾಕಿದ ಮೇಜಿನ ಮೇಲೆ, ಅಂಗೈ ಇಡುವ ಪೆಟ್ಟಿಗೆ ಹಿತ್ತಿಲ ಬಾಗಿಲು ತೆಗೆದು ಕೂತಿತ್ತು.

ಇದರಿಂದ ನಾಳೆ ಏನಾದರೂ ಸೋರಿದರೆ ಉತ್ತರ ಕೊಡಬೇಕಾದವರು ಯಾರು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತಕ್ಕ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಎಂದಿದೆ. ಅದು ಜನರ ಮಾಹಿತಿಯನ್ನು ಇಟ್ಟುಕೊಂಡವರ ಮೇಲೆ ಬೀಳುವ ಹೊಣೆ, ಮೌಸ್ ಮಾಡಿದವರ ಮೇಲಲ್ಲ. ಸೈಬರ್ ಘಟನೆ ನಡೆದರೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಎಂದು 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ. 6 ಗಂಟೆ! ತಮ್ಮ ಮೊದಲ ಉತ್ತರಕ್ಕೆ, ಅದೂ ಬಿಲ್ ಕೇಳಲು, ಒಂಬತ್ತು ದಿನ ಹಿಡಿಯಿತು. ಅಕ್ಕನಿಗೆ ಸೈಬರ್ ಅಪರಾಧ ನೋಡುವ ಪೊಲೀಸರ ಸೆನ್ ಠಾಣೆಯ ಮೆಟ್ಟಿಲು, ತಮಗೆ ಹೊಸ ಆವೃತ್ತಿಯ ಟಿಪ್ಪಣಿ. ಇದು ಸರಿಯಾದ ಹಂಚಿಕೆ ಎಂದು ತಮಗೆ ಅನ್ನಿಸುತ್ತದೆಯೇ?

ನನ್ನ ಪಾಲು ಎಂದೆನಲ್ಲ, ಅದು ಹೀಗೆ. ಹಳ್ಳಿ ಕಡೆ ನೆಟ್ ನಿಧಾನ. ಪ್ರತಿ ಸಲ ಡೌನ್‌ಲೋಡ್ ಮಾಡುವುದು ಬೇಡವೆಂದು ತಮ್ಮ ಸಾಫ್ಟ್‌ವೇರ್ ಅನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಂಡಿದ್ದೆ. ಎರಡು ವರ್ಷದಿಂದ ಅದೇ ಪೆನ್‌ಡ್ರೈವ್, ಅದೇ ಹಳೆಯ ಆವೃತ್ತಿ. ನೋಟ್‌ಬುಕ್ ತೆಗೆದು ಎಣಿಸಿದರೆ 41 ಯಂತ್ರ. ಅಷ್ಟು ಕಡೆ ಆ ಬಾಗಿಲನ್ನು ಕೂರಿಸಿದ್ದು ನನ್ನದೇ ಕೈ, ಕೂಲಿಯನ್ನೂ ತೆಗೆದುಕೊಂಡು. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಸ್ಕೂಟರ್ ಹತ್ತಿದೆ. ಹನ್ನೊಂದು ದಿನ, ಮದ್ದೂರು, ಮಳವಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ಒಂದು ದಿನ ನಾಗಮಂಗಲ. ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯಲ್ಲಿ ‘ಲಗ್ನದ ಸೀಜನ್ನು, ಸಿಸ್ಟಮ್ ಮುಟ್ಬೇಡಿ ಸ್ವಾಮಿ’ ಎಂದು ಕೈಮುಗಿದರು. ರಾತ್ರಿ ಒಂಬತ್ತಕ್ಕೆ ಮತ್ತೆ ಹೋಗಿ ತೆಗೆದೆ. ಒಂದು ನರ್ಸಿಂಗ್ ಹೋಮ್‌ನ ರಿಸೆಪ್ಷನ್‌ನಲ್ಲಿ, ರೋಗಿಗಳ ದಾಖಲೆ ಇರುವ ಕಂಪ್ಯೂಟರ್‌ನಲ್ಲಿ, ಮೌಸ್ ಕೆಟ್ಟು ವರ್ಷವಾಗಿತ್ತು. ಬೇರೆ ಕಂಪನಿಯ ಇನ್ನೂರೈವತ್ತು ರೂಪಾಯಿ ಮೌಸ್ ಇಟ್ಟುಕೊಂಡಿದ್ದರು. ಆದರೆ ತಮ್ಮ ಸಾಫ್ಟ್‌ವೇರ್ ಇನ್ನೂ ಓಡುತ್ತಿತ್ತು, ಇಲ್ಲದ ಮೌಸ್‌ಗೆ ದೀಪ ಹಚ್ಚಲು ಕಾಯುತ್ತ. ಪಾಂಡವಪುರದ ಕಡೆ ಒಂದು ಅಂಗಡಿಯಲ್ಲಿ ಮಾಲೀಕರು ಕೇಳಿದ ಮಾತು ಮನಸ್ಸಿನಲ್ಲಿ ಕೂತಿದೆ. ‘ಅಲ್ಲ ಕಣಯ್ಯ, ಮೌಸ್ ಕೆಲ್ಸ ಬಾಣ ಆಡ್ಸೋದು. ಅದುಕ್ಕೆ ಯಾಕ್ ಬೇಕಿತ್ತು ಮನೆ ಬೀಗದ್ ಕೈ?’ ನನಗೆ ಉತ್ತರ ಹೊಳೆಯಲಿಲ್ಲ, ತಮಗೆ ದಾಟಿಸುತ್ತಿದ್ದೇನೆ.

ಆದ್ದರಿಂದ ಕೇಳಿಕೊಳ್ಳುವುದು ಇಷ್ಟು. ಮೊದಲಿಗೆ, ಲೋಪ ಇತ್ತು, ಇಂಥ ಆವೃತ್ತಿಯವರೆಗೆ ಇತ್ತು, ಇಂಥ ಆವೃತ್ತಿಯಿಂದ ಇಲ್ಲ ಎಂದು ತಮ್ಮ ಹೆಸರಿನಲ್ಲಿ, ತಮ್ಮ ಜಾಲತಾಣದ ಮೊದಲ ಪುಟದಲ್ಲಿ ಹೇಳಿ. ಅದನ್ನು ಕನ್ನಡದಲ್ಲೂ ಹೇಳಿ. ಪೆಟ್ಟಿಗೆಯ ಮೇಲೆ ‘ಗೆಲುವು ನಿಮ್ಮ ಅಂಗೈಯಲ್ಲಿ’ ಎಂದು ಕನ್ನಡದಲ್ಲಿ ಅಚ್ಚು ಹಾಕಿಸಲು ಬಂದವರಿಗೆ ‘ದಯವಿಟ್ಟು ಈಗಲೇ ಅಪ್‌ಡೇಟ್ ಮಾಡಿ’ ಎಂದು ಬರೆಸಲು ಬಾರದೆ? ಸ್ಕೀಮ್ ಕಳಿಸುವ ಅದೇ ವಾಟ್ಸಾಪ್ ಗುಂಪಿಗೆ ಅದೇ ವೇಗದಲ್ಲಿ ಇದನ್ನೂ ಕಳಿಸಿ. ಡೀಲರ್‌ಗಳ ಬಳಿ, ನನ್ನಂಥವರ ಪೆನ್‌ಡ್ರೈವ್‌ಗಳಲ್ಲಿ ಇರುವ ಹಳೆಯ ಪ್ಯಾಕೇಜ್ ಇನ್ನು ಕೂರದಂತೆ ಮಾಡಿ. ಇದು ತಮ್ಮದೇ ಎಂದು ವಿಂಡೋಸ್‌ಗೆ ಹೇಳುವ ಅದರ ಡಿಜಿಟಲ್ ಸಹಿಯನ್ನು ರದ್ದು ಮಾಡಿಸುವ ದಾರಿ ತಮ್ಮ ಕೈಯಲ್ಲಿದೆ.

ಮೌಸ್ ಚುಚ್ಚಿದ ಕೂಡಲೆ ಇನ್‌ಸ್ಟಾಲರ್ ತಾನಾಗಿ ಬರುವುದನ್ನೇ ನಿಲ್ಲಿಸಿ. ಬಾಣ ಆಡಿಸಲು ವಿಂಡೋಸ್‌ನಲ್ಲಿರುವ ಸಾಮಾನ್ಯ ಡ್ರೈವರ್ ಸಾಕು, ದೀಪ ಬೇಕಾದವರು ತಾವೇ ಹುಡುಕಿ, ಪಾಸ್‌ವರ್ಡ್ ಕೊಟ್ಟು ಹಾಕಿಕೊಳ್ಳಲಿ. ದೀಪದ ಬಣ್ಣ ಮೌಸ್ ಒಳಗಿನ ನೆನಪಿನಲ್ಲೇ ಉಳಿಯುವ ಹಾಗೆ ಮಾಡಿದರೆ ಒಮ್ಮೆ ಹೊಂದಿಸಿ ಸಾಫ್ಟ್‌ವೇರ್ ತೆಗೆದುಹಾಕಬಹುದು. ತಮ್ಮ ದುಬಾರಿ ಮಾದರಿಗಳಲ್ಲಿ ಆ ಸೌಲಭ್ಯ ಈಗಾಗಲೇ ಇದೆ, ಅಗ್ಗದ್ದರಲ್ಲಿ ಇಲ್ಲ. ಭದ್ರತೆಯನ್ನು ದುಬಾರಿ ಮಾದರಿಗೆ ಮಾತ್ರ ಇಟ್ಟುಕೊಳ್ಳಬೇಡಿ.

ಲೋಪ ತಿಳಿಸಲು ಒಂದು ವಿಳಾಸ ಇಡಿ. ಜಾಲತಾಣದ ಗೊತ್ತಾದ ಜಾಗದಲ್ಲಿ ‘ಸೆಕ್ಯುರಿಟಿ ಡಾಟ್ ಟಿಎಕ್ಸ್‌ಟಿ’ ಎಂಬ ಪುಟ್ಟ ಫೈಲ್ ಇಟ್ಟು ಅದರಲ್ಲಿ ಈ ವಿಳಾಸ ಬರೆಯಬೇಕು ಎಂಬ ಪದ್ಧತಿ 2022ರಿಂದ ದಾಖಲಾಗಿಯೇ ಇದೆ. ನಾಲ್ಕು ಸಾಲಿನ ಕೆಲಸ. ಆ ಕಡೆಯಿಂದ ಓದುವವರು ‘ಬೇರೆ ಪೋರ್ಟ್‌ಗೆ ಚುಚ್ಚಿ ನೋಡಿ’ ಎನ್ನದವರಾಗಿರಲಿ. ಈ ಪತ್ರದ ಪ್ರತಿಯನ್ನು, ತಮ್ಮ ಹೆಸರು ಮತ್ತು ವೀಡಿಯೋ ಸಮೇತ, ಸರ್ಟ್-ಇನ್‌ಗೂ ಕಳಿಸಿದ್ದೇನೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಮಿನಲ್ಲಿ ಈ ಕೆಲಸಕ್ಕೆಂದೇ ಇರುವ ಸಂಸ್ಥೆ ಅದು.

ಇದನ್ನು ಓದುತ್ತಿರುವ ನಮ್ಮ ಜಿಲ್ಲೆಯ ಕೇಂದ್ರದವರು, ಡಿಟಿಪಿಯವರು, ಸೊಸೈಟಿಯವರಿಗೆ ನಡುವೆ ಒಂದು ಮಾತು, ಕಂಪನಿಯವರು ಕ್ಷಮಿಸಬೇಕು. ಮೌಸ್, ಕೀಬೋರ್ಡ್, ಹೆಡ್‌ಸೆಟ್ ಯಾವ ಕಂಪನಿಯದೇ ಆಗಲಿ, ಅದರ ಸಾಫ್ಟ್‌ವೇರ್ ಇಲ್ಲದೆ ಕೆಲಸ ನಡೆಯುತ್ತದೆಯೇ ನೋಡಿ. ನಡೆದರೆ ತೆಗೆಸಿಬಿಡಿ. ಅಧಿಕೃತ ಜಾಲತಾಣದ್ದೇ ಆದರೂ ನೆಚ್ಚಿಕೊಳ್ಳಬೇಡಿ: 2025ರ ಜೂನ್-ಜುಲೈನಲ್ಲಿ ಎಂಡ್‌ಗೇಮ್ ಗಿಯರ್ ಎಂಬ ಕಂಪನಿಯ ಒಂದು ಮೌಸ್‌ನ ಸಾಫ್ಟ್‌ವೇರ್ ಜೊತೆ ಅದರ ಸ್ವಂತ ಜಾಲತಾಣದಿಂದಲೇ ಮಾಲ್‌ವೇರ್ ಇಳಿಯುತ್ತಿತ್ತು. ವಿಂಡೋಸ್‌ನ ಡಿವೈಸ್ ಇನ್‌ಸ್ಟಲೇಷನ್ ಸೆಟ್ಟಿಂಗ್‌ನಲ್ಲಿ, ತಯಾರಕರ ಆ್ಯಪ್ ತಾನಾಗಿ ಇಳಿಸಬೇಕೇ ಎಂಬಲ್ಲಿ ‘ಬೇಡ’ ಕೊಡಿ. ರಿಪೇರಿಯವರಿಗೆ ಹೇಳಿದರೆ, ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ, ಡ್ರೈವರ್ ಜೊತೆ ಬರುವ ಇನ್‌ಸ್ಟಾಲರ್ ತಡೆಯುವ ‘ಡಿಸೇಬಲ್ ಕೋ-ಇನ್‌ಸ್ಟಾಲರ್ಸ್’ ಎಂಬುದನ್ನೂ 1 ಮಾಡಿಕೊಡುತ್ತಾರೆ. ಗಿರಾಕಿಯ ಮೊಬೈಲ್ ಚಾರ್ಜ್‌ಗೆ ಗೋಡೆಯ ಪ್ಲಗ್ ತೋರಿಸಿ, ಒಂದು ಚಾರ್ಜರ್ ಕೊಂಡಿಡಿ. ಇನ್ನೂ ವಿಂಡೋಸ್ 10ರಲ್ಲಿ ಇರುವವರು, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ ಎಂಬುದನ್ನು ಮರೆಯಬೇಡಿ. ಹಣ ಹೋದದ್ದು ಕಂಡರೆ ನನಗಲ್ಲ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮಾನ್ಯರೇ, 41ರಲ್ಲಿ 38 ಯಂತ್ರಗಳನ್ನು ನಾನು ಮುಟ್ಟಿದ್ದೇನೆ. ಉಳಿದ ಮೂರರಲ್ಲಿ ಒಂದು, ಟ್ಯೂಷನ್ ಹೇಳುತ್ತಿದ್ದವರದ್ದು, ಮನೆ ಖಾಲಿ ಮಾಡಿ ಬೆಂಗಳೂರಿಗೆ ಹೋದರಂತೆ, ಫೋನ್ ಸಿಗುತ್ತಿಲ್ಲ. ಇನ್ನೊಂದನ್ನು ಹಳೆಯ ಸಾಮಾನಿನವರಿಗೆ ಮಾರಿದ್ದಾರೆ, ಹಾರ್ಡ್‌ಡಿಸ್ಕ್ ಸಮೇತ. ಮೂರನೆಯದು ಕೆ.ಆರ್. ಪೇಟೆ ಕಡೆಯದು, ಎರಡು ಸಲ ಹೋದರೂ ಬೀಗ. ಆ ಮೂರಕ್ಕೆ ನನ್ನ ಸ್ಕೂಟರ್ ತಲುಪುವುದಿಲ್ಲ, ತಮ್ಮ ಅಪ್‌ಡೇಟ್ ತಲುಪಬಹುದು, ಅದರ ಮೇಲೆ ‘ಭದ್ರತೆಗಾಗಿ’ ಎಂದು ತಾವು ಬರೆದರೆ. ಉತ್ತರ ಕೊಡುವುದಾದರೆ ಹಳೆಯ ಟಿಕೆಟ್ ಸಂಖ್ಯೆಗೇ ಕೊಡಿ. ಅದನ್ನು ನಾನಿನ್ನೂ ಮುಕ್ತಾಯ ಮಾಡಿಲ್ಲ, ನಕ್ಷತ್ರವನ್ನೂ ಕೊಟ್ಟಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ರಿಪೇರಿಯವನು,
ಮಂಡ್ಯ